ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸ್: ಒಬ್ಬರೇ ಹೋಗಿ ಕೂರಬಹುದಾದ ಜಾಗ

ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಹೆಂಗಸೊಬ್ಬಳು ಒಂಟಿಯಾಗಿ ಹೋಗಿ, ಒಂದು ಕಾಫಿ ಹೇಳಿ, ಯಾರ ಮುಲಾಜೂ ಇಲ್ಲದೆ ಕುಳಿತು ಬರಬಹುದಾದ ಜಾಗ ಯಾವುದೆಂದು ಕೇಳಿದರೆ ನಾನು ಇಂಡಿಯನ್ ಕಾಫಿ ಹೌಸ್ ಎನ್ನುತ್ತೇನೆ. ಕಚೇರಿ ಎಂ.ಜಿ. ರಸ್ತೆಯಲ್ಲೇ ಇರುವುದರಿಂದ ಇಲ್ಲಿನ ಹೋಟೆಲುಗಳು ಬೋರ್ಡು ಬದಲಿಸುವುದನ್ನು ನೋಡುತ್ತಲೇ ಬಂದಿದ್ದೇನೆ. ಹೆಸರು ನಾಲಿಗೆಗೆ ಹತ್ತುವಷ್ಟರಲ್ಲಿ ಅಂಗಡಿಗೆ ಬೀಗ ಬಿದ್ದು, ಒಳಗೆ ಬಡಗಿಗಳ ಸದ್ದು ಶುರುವಾಗಿರುತ್ತದೆ.

ಕಾಫಿ ಹೌಸ್ ಕೂಡ ಜಾಗ ಬದಲಿಸಿದ್ದೇ. ಸುಮಾರು ಐವತ್ತು ವರ್ಷ ಎಂ.ಜಿ. ರಸ್ತೆಯಲ್ಲಿದ್ದು, 2009ರಲ್ಲಿ ಅಲ್ಲಿಂದ ಎದ್ದು ಇಲ್ಲಿಗೆ ಬಂತು. ಅದೇ ವರ್ಷ ಮ್ಯೂಸಿಯಂ ರಸ್ತೆಯ ಪ್ರೀಮಿಯರ್ ಪುಸ್ತಕದಂಗಡಿ ಮುಚ್ಚಿತು. ಎರಡೂ ಹೋದವೆಂದು ಮರುಗುತ್ತಿದ್ದ ನಮಗೆ ಒಂದಾದರೂ ದಕ್ಕಿತು. ಕಾಫಿ ಹೌಸಿಗೆ ಒಬ್ಬ ಧಣಿಯಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಸರಕಾರದ ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ, ಕೆಲಸ ಹೋಗಲಿದ್ದ ನೌಕರರು ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಬಿಳಿ ಸಮವಸ್ತ್ರ ತೊಟ್ಟು, ಪೇಟ ಸುತ್ತಿ ಬರುವವರ ನಡಿಗೆಯಲ್ಲಿ ಇದು ನಮ್ಮದು ಎಂಬ ಗತ್ತು ಕಾಣುವುದು ಅದಕ್ಕೇ ಎಂದು ನಾನು ನಂಬಿದ್ದೇನೆ.

ದೋಸೆ, ಇಡ್ಲಿಯೂ ಸಿಗುತ್ತವೆ. ಆದರೆ ದೋಸೆ ತಿನ್ನಬೇಕೆನಿಸಿದರೆ ನಾನು ಬಸವನಗುಡಿಯ ಬಸ್ಸು ಹತ್ತುತ್ತೇನೆ. ಇಲ್ಲಿ ಹೇಳಬೇಕಾದದ್ದು ಟೋಸ್ಟಿನ ಮೇಲೆ ಸ್ಕ್ರ್ಯಾಂಬಲ್ಡ್ ಎಗ್. ಬ್ರೆಡ್ಡಿನ ಅಂಚು ಗರಿಗರಿ, ನಡುವೆ ಬೆಣ್ಣೆ ಇಂಗಿದ ಮೆದು, ಮೇಲೆ ಇನ್ನೂ ಪೂರ್ತಿ ಬಿಗಿಯದೆ ಹೊಳೆಯುವ ಮೊಟ್ಟೆ. ಕಾಳುಮೆಣಸಿನ ಪುಡಿಯನ್ನು ಧಾರಾಳವಾಗಿ ಉದುರಿಸಿಕೊಂಡು ಬಿಸಿಯಿರುವಾಗಲೇ ತಿನ್ನಬೇಕು. ಮಾತಿಗೆ ಕುಳಿತರೆ ಬ್ರೆಡ್ಡು ಮೆತ್ತಗಾಗಿ ಬಿಡುತ್ತದೆ. "ಕಾಫಿ ಈಗಲೇ ತರಲೇ ಮೇಡಂ, ಆಮೇಲೆ ತರಲೇ?" ಎಂದು ಕೇಳಿದಾಗ ಆಮೇಲೆ ಎನ್ನಿ. ದಪ್ಪ ಪಿಂಗಾಣಿ ಕಪ್ಪಿನ ಆ ಕಾಫಿ ದರ್ಶಿನಿಯ ಲೋಟದ ಕಾಫಿಯಷ್ಟು ಗಟ್ಟಿಯಲ್ಲ. ತುಸು ತಿಳಿ, ತುಸು ಕಹಿ, ನಿಧಾನವಾಗಿ ಕುಡಿಯಲು ಹೇಳಿಮಾಡಿಸಿದಂತಿರುತ್ತದೆ. ಮಾಂಸ ತಿನ್ನುವವರು ಮಟನ್ ಕಟ್ಲೆಟ್ ಬಿಡಬಾರದು.

ಇತ್ತೀಚೆಗೆ ಸಹೋದ್ಯೋಗಿಗೆ ಬಡ್ತಿ ಸಿಕ್ಕಿತೆಂದು ಇದೇ ಬೀದಿಯ ಹೊಸ ರೆಸ್ಟೋರೆಂಟೊಂದಕ್ಕೆ ಹೋಗಿದ್ದೆವು. ಅಡುಗೆ ಚೆನ್ನಾಗಿಯೇ ಇತ್ತು. ಆದರೆ ಹಾಡಿನ ಅಬ್ಬರದಲ್ಲಿ ಪಕ್ಕದವರ ಮಾತು ಕೇಳುತ್ತಿರಲಿಲ್ಲ, ಮೆನು ನೋಡಲು ಮೊಬೈಲ್ ಹಿಡಿಯಬೇಕಿತ್ತು, ತಟ್ಟೆ ಖಾಲಿಯಾಗುವ ಮೊದಲೇ ಬಿಲ್ಲು ಬಂತು. ಕುರ್ಚಿಗೂ ಗಂಟೆಗಿಷ್ಟು ಎಂದು ದರ ಕಟ್ಟುವ ಇಂಥ ಕಡೆ ಒಂಟಿಯಾಗಿ ಬಂದವರಿಗೆ ಜಾಗವಿಲ್ಲ. ನನ್ನ ತಕರಾರು ಇಷ್ಟೇ, ಮತ್ತು ಇದು ಸಣ್ಣ ತಕರಾರಲ್ಲ.

ಬೀದಿಯೇ ಹಾಳಾಯಿತು ಎನ್ನುವವರ ಜೊತೆ ಮಾತ್ರ ನಾನಿಲ್ಲ. 2017ರಲ್ಲಿ ಅಗೆಯಲು ತೊಡಗಿದಾಗ ಧೂಳಿಗೆ ಎಲ್ಲರೂ ಬೈದೆವು. 2018ರಲ್ಲಿ ಕಲ್ಲು ಹಾಸಿ ಮುಗಿಸಿದ ಮೇಲೆ ಕಾಲೆಡವದೆ ನಡೆಯಬಹುದಾದ ಕಾಲುದಾರಿ ಸಿಕ್ಕಿತು. ಸಂಜೆ ಗಿಟಾರು ಹಿಡಿದ ಹುಡುಗರು, ಚಿತ್ರ ಬರೆದುಕೊಡುವವರು ಬಂದರು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನಗಳನ್ನು ತಡೆದಾಗ ಈ ಬೀದಿ ಎಷ್ಟು ಚೆಂದವಿತ್ತು! ಅದನ್ನು ಮತ್ತೆ ತರಬೇಕು, ಕಾಯಂ ಆಗಿ.

ಹೋಗುವುದಾದರೆ ವಾರದ ನಡುವೆ, ಮಧ್ಯಾಹ್ನ ಮೂರರ ಮೇಲೆ ಹೋಗಿ. ಎಂ.ಜಿ. ರಸ್ತೆ ಮೆಟ್ರೊ ನಿಲ್ದಾಣದಿಂದ ನಡೆದೇ ಬರಬಹುದು. ದಾರಿಯಲ್ಲಿ ಬ್ಲಾಸಮ್‌ ಅಥವಾ ಬುಕ್‌ವರ್ಮ್‌ನಲ್ಲಿ ಪುಸ್ತಕವೊಂದನ್ನು ಕೊಂಡುಕೊಳ್ಳಿ. ಜನ ಹೆಚ್ಚಿದ್ದು, ಎದುರಿನ ಬೆಂಚಿನಲ್ಲಿ ಅಪರಿಚಿತರು ಬಂದು ಕುಳಿತರೆ ಸರಿದು ಜಾಗ ಕೊಡಿ.