ಡಂಕನ್, ಎಸ್‌ಎಂಸಿ, ರೆವೊ: ಭುಜದೊಳಗೆ ಯಾವ ಗಂಟು ನಿಲ್ಲುತ್ತದೆ?

ಹುಬ್ಬಳ್ಳಿಯಲ್ಲಿ ನನ್ನ ಜೊತೆ ಆರ್ತ್ರೋಸ್ಕೋಪಿ (ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ ಕೀಲಿಗೆ ಮಾಡುವ ಶಸ್ತ್ರಚಿಕಿತ್ಸೆ) ಕಲಿಯುವ ಕಿರಿಯ ವೈದ್ಯರು ತಪ್ಪದೆ ಕೇಳುವ ಪ್ರಶ್ನೆ ಇದು. ಅಮರಗೋಳದ ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರ ಹರಿದ ಭುಜಕ್ಕೂ, ಕಬಡ್ಡಿ ಹುಡುಗರ ಪದೇ ಪದೇ ಜಾರುವ ಭುಜಕ್ಕೂ ಈ ಮೂರೂ ಗಂಟುಗಳನ್ನು ಹಾಕಿ ನೋಡಿದ್ದೇನೆ. ಹರಿದ ಭಾಗವನ್ನು ಮೂಳೆಗೆ ಬಿಗಿಯಲು ಎಲ್ಲದಕ್ಕೂ 2ನೇ ನಂಬರಿನ ದಪ್ಪದ ಹೆಣೆದ ದಾರವೇ.

ಡಂಕನ್ ಕಲಿಯಲು ಸುಲಭ. ದಾರದ ಎರಡು ಎಳೆಗಳಲ್ಲಿ ಒಂದನ್ನು ಎರಡರ ಮೇಲೂ ನಾಲ್ಕು ಸುತ್ತು ಸುತ್ತಿ, ತುದಿಯನ್ನು ಕುಣಿಕೆಯಲ್ಲಿ ತೂರಿಸಿ ಪೋಸ್ಟ್ ಎಳೆಯನ್ನು, ಅಂದರೆ ಗಂಟು ಯಾವುದರ ಮೇಲೆ ಜಾರುತ್ತದೋ ಆ ಎಳೆಯನ್ನು, ಜಗ್ಗಿದರೆ ಗಂಟು ಭುಜಕ್ಕೆ ತೂರಿಸಿದ ಕೊಳವೆಯಾದ ಕ್ಯಾನುಲಾದೊಳಗೆ ಸರಾಗವಾಗಿ ಇಳಿಯುತ್ತದೆ. ಅಷ್ಟೇ ಸರಾಗವಾಗಿ ಹಿಂದಕ್ಕೂ ಸರಿಯುತ್ತದೆ. ಸ್ನಾಯುರಜ್ಜು ಬಿಗಿಯಾಗಿ ಎಳೆಯುತ್ತಿದ್ದರಂತೂ ಗಂಟನ್ನು ಭದ್ರಪಡಿಸಲು ಮೇಲೆ ಹಾಕುವ ಒಂಟಿ ಸುತ್ತಾದ ಹಾಫ್ ಹಿಚ್‌ಗಳಲ್ಲಿ ಮೊದಲನೆಯದು ತಲುಪುವ ಮುನ್ನವೇ ಮೂಳೆಗೂ ರಜ್ಜುವಿಗೂ ನಡುವೆ ತೆಳುವಾದ ಕಪ್ಪು ಗೆರೆ ಪರದೆಯ ಮೇಲೆ ಮೂಡುತ್ತದೆ. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಕುಣಿಕೆ 3 ಮಿಲಿಮೀಟರ್ ಸಡಿಲಾದರೆ ಗಂಟು ಸೋತಂತೆಯೇ ಲೆಕ್ಕ.

ಎಸ್‌ಎಂಸಿ ನನ್ನ ಮೊದಲ ಆಯ್ಕೆ. ಸೋಲ್‌ನ ಸ್ಯಾಮ್‌ಸಂಗ್ ವೈದ್ಯಕೀಯ ಕೇಂದ್ರದ ಶಸ್ತ್ರವೈದ್ಯರು 2000ರಲ್ಲಿ ಪ್ರಕಟಿಸಿದ ಗಂಟು ಇದು. ಪೋಸ್ಟ್ ಜಗ್ಗಿ ಗಂಟನ್ನು ಕೆಳಗೆ ಕೂರಿಸಿ, ಆಮೇಲೆ ಇನ್ನೊಂದು ಎಳೆಯನ್ನು ಎಳೆದರೆ ಒಳಗಿನ ಕುಣಿಕೆ ಮಗುಚಿ ಬೀಗ ಬೀಳುತ್ತದೆ. ಆ ಕ್ಷಣದಲ್ಲಿ ಬೆರಳಿಗೆ ಸಣ್ಣದೊಂದು ಟಕ್ ಎಂಬ ಹಿಡಿತ ಸಿಗುತ್ತದೆ, ಅದನ್ನು ನಂಬಬಹುದು. ಗಂಟು ಇಳಿಯುವಾಗ ಮಾತ್ರ ಆ ಎರಡನೆಯ ಎಳೆಯನ್ನು ಬಿಗಿ ಹಿಡಿಯಲೇಬಾರದು. ಹಿಡಿದರೆ ಅರ್ಧದಾರಿಯಲ್ಲೇ ಬೀಗ ಬಿದ್ದು, ಗಂಟು ಮೇಲೂ ಬಾರದು, ಕೆಳಗೂ ಹೋಗದು.

ಇವೆರಡಕ್ಕೂ ದಾರ, ಮೂಳೆಯಲ್ಲಿ ನೆಟ್ಟ ಮೊಳೆಯಂಥ ಆಂಕರ್‌ನಲ್ಲಿಯೂ ರಜ್ಜುವಿನಲ್ಲಿಯೂ ಜಾರಬೇಕು. ವಯಸ್ಸಾದ ರೈತರ ಸವೆದ ರಜ್ಜುವಿನಲ್ಲಿ ಜಾರುವ ದಾರ ಗರಗಸದಂತೆ ಕೊಯ್ಯುತ್ತದೆ. ಅಲ್ಲಿ ನಾನು ರೆವೊಗೆ ಹೋಗುತ್ತೇನೆ. ಇದು ಜಾರುಗಂಟಲ್ಲ, ಹಾಫ್ ಹಿಚ್‌ಗಳನ್ನು ಒಂದೊಂದಾಗಿ ಗಂಟು ತಳ್ಳುವ ಸಲಾಕೆಯಾದ ನಾಟ್ ಪುಷರ್‌ನಿಂದ ಇಳಿಸಬೇಕು. ಸಮಯ ಹಿಡಿಯುತ್ತದೆ, ಕೈಗೆ ತಾಳ್ಮೆ ಬೇಕು. ಪುಷರ್ ಅನ್ನು ಗಂಟು ದಾಟಿಸಿ ಮುಂದಕ್ಕೆ ಒತ್ತಿ ಬಿಗಿದರೆ ಮಾತ್ರ ಪ್ರತಿ ಸುತ್ತೂ ಗಟ್ಟಿಯಾಗಿ ಕೂರುತ್ತದೆ.

ಆದರೆ ಕಿರಿಯರು ಗಂಟಿನ ಹೆಸರಿಗೆ ಕೊಡುವಷ್ಟು ಗಮನವನ್ನು ಅದರ ಮೇಲೆ ಬೀಳುವ ಮೂರು ಹಾಫ್ ಹಿಚ್‌ಗಳಿಗೆ ಕೊಡುವುದಿಲ್ಲ. ಪ್ರತಿ ಸಲ ದಿಕ್ಕು ತಿರುಗಿಸಬೇಕು, ಪೋಸ್ಟ್ ಬದಲಿಸಬೇಕು. ಒಂದೇ ಪೋಸ್ಟ್ ಮೇಲೆ ಒಂದೇ ದಿಕ್ಕಿನಲ್ಲಿ ಪೇರಿಸಿದ ಹಿಚ್‌ಗಳು ಎಷ್ಟಿದ್ದರೂ ಎಳೆದಾಗ ಜಾರುತ್ತವೆ. ಈ ಮೂರು ಸರಿಯಾಗಿ ಬಿದ್ದರೆ ಡಂಕನ್ ಕೂಡ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಅವು ಬೀಳುವವರೆಗೆ ಕುಣಿಕೆಯನ್ನು ಬಿಗಿಯಾಗಿ ಹಿಡಿದಿಡುವುದು ಎಸ್‌ಎಂಸಿಯೇ.

ಗಂಟೇ ಬೇಡದ ಆಂಕರ್‌ಗಳೂ ಬಂದಿವೆ, ಕೆಲಸ ಬೇಗ ಮುಗಿಯುತ್ತದೆ. ಆದರೆ ದಿನಗೂಲಿಯವರಿಗೆ ಅದರ ಬೆಲೆ ಭಾರ. ಹೀಗಾಗಿ ಗಂಟು ಹಾಕುವುದನ್ನು ನನ್ನ ವಿದ್ಯಾರ್ಥಿಗಳಿಗೆ ಇನ್ನೂ ಮೊದಲು ಹಲಗೆಯ ಮೇಲೆ ದಪ್ಪ ಹಗ್ಗದಲ್ಲಿ, ಆಮೇಲೆ ಒದ್ದೆ ದಾರದಲ್ಲಿ ಕಲಿಸುತ್ತಿದ್ದೇನೆ.