ಮುಂಬೈಯಿಂದ ಇಂಡಿಗೆ ಶವವಾಹನ: ಗಾಡಿಗೆ ದುಡ್ಡು ಕೊಡಿ, ಕಾಗದಕ್ಕೆ ಬೇಡ

ಐದಕ್ಕೆ ಮೂರು ಸ್ಟಾರ್. ಮೂರೂ ಡ್ರೈವರ್‌ಗೆ. ಹೋದ ಎರಡು ಸ್ಟಾರ್, ಗಾಡಿ ಕುದುರಿಸಿದ ಏಜೆಂಟನ ಲೆಕ್ಕ. ಸರ್ವಿಸ್‌ನ ಹೆಸರು ಬರೆಯುವುದಿಲ್ಲ. ಶವಾಗಾರದ ಗೇಟಿನಲ್ಲಿ ಕಾರ್ಡ್ ಹಿಡಿದು ನಿಂತವರು ಮುಂಬೈಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ನನ್ನದು ಸಾಯನ್‌ನಲ್ಲಿ ಖಾನಾವಳಿ. ಜೋಳದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ. ಬರುವವರು ಜಾಸ್ತಿ ನಮ್ಮ ಕಡೆಯ ಬಿಲ್ಡಿಂಗ್ ಕೆಲಸದವರು. ಅವರಲ್ಲಿ ಒಬ್ಬರು ವಾಚ್‌ಮನ್ ಕಾಕಾ, ಇಂಡಿ ತಾಲೂಕಿನವರು. ಹಳಿ ದಾಟುವಾಗ ಲೋಕಲ್ ಬಡಿದು ತೀರಿಕೊಂಡರು. ಜೇಬಿನಲ್ಲಿ ಮೊಬೈಲ್ ಇಲ್ಲ, ಒಂದು ಚೀಟಿಯೂ ಇಲ್ಲ. ರೈಲ್ವೆ ಪೊಲೀಸರ ಎ.ಡಿ.ಆರ್.ನಲ್ಲಿ, ಅಂದರೆ ಆಕಸ್ಮಿಕ ಸಾವಿನ ವರದಿಯಲ್ಲಿ, ‘ಅನೋಳಖಿ (ಗುರುತು ಸಿಗದ) ಪುರುಷ, ಸುಮಾರು 60’ ಎಂದಾಯಿತು. ಮುಂಗೈ ಮೇಲೆ ನಮ್ಮ ಕಡೆಯ ದೇವರು ಮಾಳಿಂಗರಾಯನ ಹೆಸರಿನ ಕನ್ನಡ ಹಚ್ಚೆ ಇತ್ತು. ಪೊಲೀಸರು ಅದರ ಫೋಟೋ ತೋರಿಸುತ್ತಾ ತಿರುಗಿದಾಗ ಸ್ಟೇಷನ್ ಕ್ಯಾಂಟೀನಿನ ಕುಂದಾಪುರದ ಹುಡುಗ ಓದಿ ನೇರ ನನ್ನ ಹತ್ತಿರ ಬಂದ. ಅವನಿಲ್ಲದಿದ್ದರೆ ಈ ರಿವ್ಯೂನೇ ಇರುತ್ತಿರಲಿಲ್ಲ.

ಊರಿನಿಂದ ಕಾಕಾನ ಮಗ ಬಂದ. ‘ಅಕ್ಕಾ, ಅಪ್ಪನ್ನ ಊರಿಗೇ ಒಯ್ಯೋಣ್ರಿ’ ಎಂದ. ಅಷ್ಟು ಕಿವಿಗೆ ಬಿದ್ದದ್ದೇ ಏಜೆಂಟ್ ಅಂಟಿಕೊಂಡ. ಮೊದಲು ಹೆದರಿಸಿದ: ತಡ ಮಾಡಿದರೆ ಬಾಡಿಯನ್ನು ಡಾಕ್ಟರ್ ಕಾಲೇಜಿಗೆ ಕೊಟ್ಟುಬಿಡುತ್ತಾರೆ, ಬಿಡಿಸಿಕೊಡಲು ಖರ್ಚಾಗುತ್ತದೆ ಅಂತ. ಇದರಲ್ಲಿ ಅರ್ಧ ನಿಜ. 1949ರ ಅನಾಟಮಿ ಕಾಯ್ದೆ ಇದೆ, ವಾರಸುದಾರರು ಬಾರದ ಶವವನ್ನು ಅದರ ಪ್ರಕಾರ ಮೆಡಿಕಲ್ ಕಾಲೇಜಿಗೆ ಪಾಠಕ್ಕೆ ಕೊಡಬಹುದು. ಆದರೆ ಮಗನೇ ಬಂದು ನಿಂತ ಮೇಲೆ ‘ವಾರಸುದಾರರಿಲ್ಲ’ ಎನ್ನುವ ಮಾತೆಲ್ಲಿ ಬಂತು? ಗುರುತೇ ಸಿಗದ ಶವದ್ದೂ ಸುಮ್ನೆ ಮುಗಿಸಿಬಿಡುವ ಕೆಲಸವಲ್ಲ. ಫೋಟೋ, ಬೆರಳಚ್ಚು, ಬಟ್ಟೆ, ಡಿ.ಎನ್.ಎ.ಗೆ ಸ್ಯಾಂಪಲ್ ತೆಗೆದಿಡಬೇಕು. ಅಂಥವರನ್ನು ಸುಡುವುದಕ್ಕಿಂತ ಹೂಳುವುದು ಒಳ್ಳೆಯದು ಎನ್ನುವುದೂ ಇದಕ್ಕೇ. ಮುಂದೆ ಬೇಕಾದರೆ ಮ್ಯಾಜಿಸ್ಟ್ರೇಟರು ಹೊರತೆಗೆಸಿ ನೋಡಬಹುದು.

ಆಮೇಲೆ ಬಿಲ್ಲು. ‘ಪಂಚನಾಮೆ ಖರ್ಚು’, ‘ಪಿ.ಎಂ. ಖರ್ಚು’, ‘ಎನ್.ಒ.ಸಿ. ಖರ್ಚು’ ಅಂತ ಮೂರು ಸಾಲು. ಪಿ.ಎಂ. ಅಂದರೆ ಪೋಸ್ಟ್‌ಮಾರ್ಟಮ್, ಎನ್.ಒ.ಸಿ. ಅಂದರೆ ಶವ ಒಯ್ಯಲು ಪೊಲೀಸರು ಕೊಡುವ ಒಪ್ಪಿಗೆ ಪತ್ರ. ಇವು ಒಂದೂ ಅವನ ಕೆಲಸವಲ್ಲ. ಪಂಚನಾಮೆ ಪೊಲೀಸರದು. ಮುಂಬೈಯಲ್ಲಿ 1999ರವರೆಗೆ ಇಂಥ ಸಾವಿನ ವಿಚಾರಣೆಗೆ ಕೊರೋನರ್ ಎಂಬ ಬೇರೆ ಅಧಿಕಾರಿ ಇದ್ದರು, ಈಗಿಲ್ಲ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನ ಜಾಗದಲ್ಲಿ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 194 ಬಂದಿದೆ. ಆಸುಪಾಸಿನ ಕನಿಷ್ಠ ಇಬ್ಬರು ಪಂಚರ ಎದುರು ನೋಡಿ ಬರೆದು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ವರದಿ ಕಳಿಸಬೇಕು. ಪೊಲೀಸರು ಕಳಿಸಿದ ಪೋಸ್ಟ್‌ಮಾರ್ಟಮ್‌ಗೆ ಮನೆಯವರು ದುಡ್ಡು ಕೊಡುವಂತಿಲ್ಲ. ಕಾಕಾನ ಮಗ ತನ್ನ ಆಧಾರ್, ರೇಷನ್ ಕಾರ್ಡ್ ತೋರಿಸಿದ. ನಾನು ಗುರುತು ಹೇಳಿ ಸಹಿ ಮಾಡಿದೆ. ಹವಾಲ್ದಾರರು ಒಂದು ರೂಪಾಯಿ ಕೇಳಲಿಲ್ಲ, ಚಹಾ ಕೂಡ ಅವರೇ ತರಿಸಿದರು.

ಹೆಬ್ಬೆಟ್ಟನ್ನು ಆಧಾರ್ ಮಷೀನಿಗೆ ಒತ್ತಿದರೆ ಮೊದಲೇ ಹೆಸರು ಗೊತ್ತಾಗುತ್ತಿತ್ತಲ್ಲ ಎಂದು ಅಲ್ಲಿ ಒಬ್ಬರು ಹೇಳುತ್ತಿದ್ದರು. ಆಗುವುದಿಲ್ಲ. ಒಂದು ಬೆರಳಚ್ಚು ಹಿಡಿದು ಇಡೀ ದೇಶದ ದಾಖಲೆಯಲ್ಲಿ ಹುಡುಕಲು ಸಾಧ್ಯವಿಲ್ಲ ಎಂದು ಆಧಾರ್ ಪ್ರಾಧಿಕಾರವೇ 2018ರಲ್ಲಿ ದಿಲ್ಲಿ ಹೈಕೋರ್ಟಿಗೆ ಹೇಳಿದೆ. ಅದಕ್ಕೇ ನನ್ನ ಗಿರಾಕಿಗಳಿಗೆಲ್ಲ ಈಗ ಒಂದೇ ಮಾತು: ಊರಿನ ಫೋನ್ ನಂಬರ್ ಬರೆದ ಚೀಟಿ ಜೇಬಿನಲ್ಲಿರಲಿ.

ಇನ್ನು ಗಾಡಿ. ಫ್ರೀಜರ್ ಪೆಟ್ಟಿಗೆ ಸ್ವಚ್ಛವಾಗಿತ್ತು, ವಾಸನೆ ಇರಲಿಲ್ಲ. ಜೊತೆಗೆ ಕೂರಲು ಇಬ್ಬರಿಗೆ ಜಾಗ. ಡ್ರೈವರ್ ಸೊಲ್ಲಾಪುರದವನು, ಕನ್ನಡ ಬರುತ್ತದೆ. ಹೊರಡುವ ಮೊದಲೇ ಪೊಲೀಸರ ಎನ್.ಒ.ಸಿ., ಪಿ.ಎಂ. ಆದ ಚೀಟಿ, ಮಗನ ಆಧಾರ್ ಮೂರರದ್ದೂ ಝೆರಾಕ್ಸ್ ಮಾಡಿಸಿ ಒಂದು ಸೆಟ್ ಡ್ಯಾಶ್‌ಬೋರ್ಡ್ ಮೇಲಿಟ್ಟ. ಭೀಮೆ ದಾಟಿದ ಮೇಲೆ ಧೂಳಖೇಡ ಚೆಕ್‌ಪೋಸ್ಟ್‌ನಲ್ಲಿ ಗಾಡಿ ತಡೆದರು. ಕಾಗದ ಕೈಗಿಟ್ಟ, ಬಿಟ್ಟರು. ಧಾಬಾದಲ್ಲಿ ನಿಲ್ಲಿಸಿದಾಗಲೂ ಇಂಜಿನ್ ಬಂದ್ ಮಾಡಲಿಲ್ಲ, ಫ್ರೀಜರ್ ನಿಲ್ಲಬಾರದು ಅಂತ. ತಾನು ಹೊರಗೆ ನಿಂತೇ ಉಂಡ. ಊರಲ್ಲಿ ಇಳಿಸುವಾಗ ಚಪ್ಪಲಿ ಬಿಟ್ಟು ಹೆಗಲು ಕೊಟ್ಟ. ಯಾರೂ ಹೇಳಿರಲಿಲ್ಲ.

ಬಾಡಿಗೆ ಕಿಲೋಮೀಟರ್ ಲೆಕ್ಕ, ಹೋಗಿ ಬರುವ ಎರಡೂ ಕಡೆಯದು. ಅದು ನ್ಯಾಯವೇ, ಗಾಡಿ ಖಾಲಿ ವಾಪಸ್ ಬರಬೇಕಲ್ವಾ. ಟೋಲ್ ಬೇರೆ ಎನ್ನುವುದನ್ನು ಮಾತ್ರ ಊರು ಮುಟ್ಟಿದ ಮೇಲೆ ಹೇಳಿದರು. ಮೊದಲೇ ಬರೆಸಿಕೊಳ್ಳಿ. ‘ಖರ್ಚು’ ಸಾಲುಗಳಿಗೆ ರಸೀದಿ ಕೇಳಿ. ನಾನು ಕೇಳಿದೆ, ಮೂರೂ ಸಾಲು ಬಿಲ್ಲಿನಿಂದ ಮಾಯವಾದವು.

ಊರಿನಿಂದ ಬಂದವರಿಗೆ ಇನ್ನೊಂದು ಗೊತ್ತಿರುವುದಿಲ್ಲ. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಊರಿನ ಪಂಚಾಯಿತಿ ಕಾಕಾನ ಮರಣ ಪ್ರಮಾಣಪತ್ರ ಕೊಡುವುದಿಲ್ಲ, ಮುಂಬೈ ಪಾಲಿಕೆಯೇ ಕೊಡಬೇಕು. 21 ದಿನದೊಳಗೆ ಮಾಹಿತಿ ಮುಟ್ಟಿದರೆ ತಡದ ಶುಲ್ಕವೂ ಇಲ್ಲ. ದಾಖಲೆಯಲ್ಲಿ ‘ಅನೋಳಖಿ’ ಉಳಿಯದೆ ಕಾಕಾನ ಹೆಸರೇ ಬರುವಂತೆ ಪೊಲೀಸರ ಪತ್ರ ಹಿಡಿದು ವಾರ್ಡ್ ಆಫೀಸಿಗೆ ನಾನೇ ಹೋದೆ. ಅದನ್ನೂ ಮಾಡಿಸಿಕೊಡುತ್ತೇನೆ ಎಂದು ಏಜೆಂಟ್ ಫೋನ್ ಮಾಡಿದ್ದ. ರೇಟ್ ಕೇಳದೆ ಇಟ್ಟುಬಿಟ್ಟೆ.