ಲೂಯಿ ಮಾಲ್‌ನ ‘ದಿ ಲವರ್ಸ್’ ಡಿವಿಡಿ: ಒಳಗೇನಿದೆ, ಕಲಬುರಗಿಯಲ್ಲಿ ಹೇಗೆ ನೋಡಬೇಕು

ಫ್ರೆಂಚ್ ನಿರ್ದೇಶಕ ಲೂಯಿ ಮಾಲ್‌ನ ಈ ಸಿನಿಮಾದ ಹೆಸರೆತ್ತಿದರೆ ಸಾಕು, ಮಂದಿ ಮೊದಲು ಕೇಳುವುದು ಅದರ ಪ್ರಣಯ ದೃಶ್ಯದ ಬಗ್ಗೆ, ‘ಆ ಸೀನ್ ಎಲ್ಲಿ ಬರುತ್ತದೆ’ ಎಂದು. ಉತ್ತರ ಮೊದಲೇ ಹೇಳಿಬಿಡುತ್ತೇವೆ. ಸಿನಿಮಾ 90 ನಿಮಿಷದ್ದು, ಆ ದೃಶ್ಯ ಬರುವುದು ಕೊನೆಯ ಭಾಗದಲ್ಲಿ, ಅದರಲ್ಲಿ ಹೆಚ್ಚಾಗಿ ಕಾಣುವುದು ಒಬ್ಬ ಹೆಣ್ಣಿನ ಮುಖ. ಅಷ್ಟಕ್ಕೇ ಡಿಸ್ಕ್ ಕೊಳ್ಳುವವರು ದುಡ್ಡು ಉಳಿಸಿಕೊಳ್ಳಲಿ. ನಾಲ್ಕು ಮಂದಿ ಕೂಡಿ ಒಳ್ಳೆಯ ಸಿನಿಮಾ ನೋಡಿ, ನೋಡಿದ ಮೇಲೆ ಕೂತು ಮಾತಾಡುವ ರೂಢಿ ಇರುವವರಿಗೆ ಮಾತ್ರ ಅಮೆರಿಕದ ಕ್ರೈಟೀರಿಯನ್ ಕಂಪನಿ 2008ರಲ್ಲಿ ತಂದ ಈ ಡಿವಿಡಿಯನ್ನು ಧೈರ್ಯವಾಗಿ ಶಿಫಾರಸು ಮಾಡಬಹುದು.

1958ರ ಈ ಕಪ್ಪು ಬಿಳುಪು ಚಿತ್ರವನ್ನು ತೆಗೆಯುವಾಗ ಮಾಲ್‌ಗೆ 25 ವರ್ಷ. ಕಥೆಯ ಬೀಜ ವಿವಾಂ ದೆನೋನ್ 1777ರಲ್ಲಿ ಬರೆದ ಒಂದು ನೀಳ್ಗತೆಯದು. ಅದನ್ನು ಇಪ್ಪತ್ತನೇ ಶತಮಾನಕ್ಕೆ ತಂದು ಸಂಭಾಷಣೆ ಬರೆದವರು ಲೂಯಿಸ್ ದ ವಿಲ್ಮೊರಾಂ ಎಂಬ ಲೇಖಕಿ, ಕ್ಯಾಮೆರಾ ಆಂರಿ ದೆಕೇ ಅವರದು. ವೆನಿಸ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಬಹುಮಾನ ಬಂತು. ಜತೆಗೇ ಗದ್ದಲವೂ ಎದ್ದಿತು.

ಕಥೆ ಸರಳ. ದಿಜೋಂ ಊರಿನ ಹತ್ತಿರದ ದೊಡ್ಡ ಮನೆಯಲ್ಲಿ ಝಾನ್ ಇದ್ದಾಳೆ. ಗಂಡ ಆಂರಿ ಪತ್ರಿಕೆಯ ಮಾಲೀಕ, ಚಿಕ್ಕ ಮಗಳೊಬ್ಬಳಿದ್ದಾಳೆ, ಬೇಕಾದಷ್ಟು ಆಳುಕಾಳು. ಪ್ಯಾರಿಸ್ಸಿನಲ್ಲಿ ಗೆಳತಿ ಮ್ಯಾಗಿ, ಪೋಲೋ ಆಡುವ ಪ್ರಿಯಕರ ರಾವುಲ್. ಸಂಶಯ ಹತ್ತಿದ ಗಂಡ ಆ ಇಬ್ಬರನ್ನೂ ಮನೆಗೆ ಊಟಕ್ಕೆ ಕರೆಸುತ್ತಾನೆ. ಅದೇ ದಿನ ಪ್ಯಾರಿಸ್ಸಿನಿಂದ ಬರುವಾಗ ದಾರಿಯಲ್ಲಿ ಝಾನ್‌ಳ ಕಾರು ಕೆಟ್ಟು ನಿಲ್ಲುತ್ತದೆ. ಬರ್ನಾರ್ ಎಂಬ ಹರೆಯದ ಪುರಾತತ್ವಜ್ಞ ತನ್ನ ಸಿತ್ರೋಎನ್ ಡಬ್ಬಾ ಕಾರಿನಲ್ಲಿ ಹತ್ತಿಸಿಕೊಂಡು ಬರುತ್ತಾನೆ. ಅವನಿಗೆ ಅವಸರವೇ ಇಲ್ಲ. ದಾರಿಯಲ್ಲಿ ತನ್ನ ಹಳೆಯ ಮೇಷ್ಟ್ರ ಮನೆಗೂ ಹೊಕ್ಕು ಬರುತ್ತಾನೆ. ಮನೆ ಮುಟ್ಟುವಷ್ಟರಲ್ಲಿ ಅತಿಥಿಗಳು ಬಂದು ಕಾಯುತ್ತಿದ್ದಾರೆ. ರಾತ್ರಿ ಇಲ್ಲೇ ಉಳಿ ಎಂದು ಬರ್ನಾರ್‌ನನ್ನು ಒತ್ತಾಯ ಮಾಡುವವನು ಸ್ವತಃ ಗಂಡ. ಆ ರಾತ್ರಿ ತೋಟದಲ್ಲಿ, ದೋಣಿಯಲ್ಲಿ, ಕೊನೆಗೆ ಅದೇ ಮನೆಯೊಳಗೆ ಇಬ್ಬರೂ ಒಂದಾಗುತ್ತಾರೆ. ಬೆಳಗ್ಗೆ ಗಂಡ, ಪ್ರಿಯಕರ, ಗೆಳತಿ ಎಲ್ಲರೂ ನೋಡುತ್ತಿರುವಂತೆಯೇ ಝಾನ್ ಬರ್ನಾರ್‌ನ ಕಾರು ಹತ್ತಿ ಹೋಗುತ್ತಾಳೆ.

ನಮ್ಮ ಕಡೆ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ಗೊತ್ತಿಲ್ಲದವರು ಕಡಿಮೆ. ಪರರ ಹೆಂಡತಿಯ ಮೇಲೆ ಮನಸ್ಸಿಟ್ಟ ಸಂಗ್ಯಾ, ನಡುವೆ ಓಡಾಡುವ ಗೆಳೆಯ ಬಾಳ್ಯಾ, ಒಲಿಯುವ ಗಂಗಿ, ಕೊನೆಗೆ ಕೊಲೆ. ಆಟದುದ್ದಕ್ಕೂ ನೋಡುವವರ ಮನಸ್ಸು ಪ್ರೇಮಿಗಳ ಕಡೆಗೇ ಇರುತ್ತದೆ, ಆದರೂ ಕೊನೆಗೆ ರಕ್ತ ಬಿದ್ದಾಗ ಲೆಕ್ಕ ಚುಕ್ತಾ ಆಯಿತೆಂದು ಎದ್ದು ಹೋಗುತ್ತಾರೆ. ಮಾಲ್‌ನ ಸಿನಿಮಾ ಕೆರಳಿಸಿದ್ದು ಇಲ್ಲಿಯೇ. ಇದು ಲೆಕ್ಕ ಚುಕ್ತಾ ಮಾಡುವುದೇ ಇಲ್ಲ. ಗಂಡ ಬಂದೂಕು ಹಿಡಿಯುವುದಿಲ್ಲ, ಕಾರು ಕಂದಕಕ್ಕೆ ಉರುಳುವುದಿಲ್ಲ, ಅವಳು ಅಳುತ್ತ ತಿರುಗಿ ಬರುವುದಿಲ್ಲ. ದಾರಿಯಲ್ಲಿ ಒಂದು ಹೋಟೆಲಿನ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು ಅಳುಕುತ್ತಾಳೆ, ಅಷ್ಟೇ. ಅವಳಿಗೆ ಭಯವಿದೆ, ಪಶ್ಚಾತ್ತಾಪವಿಲ್ಲ ಎಂದು ಹಿನ್ನೆಲೆ ದನಿ ಹೇಳುತ್ತದೆ. ಆ ದನಿಯೂ ನಾಯಕಿ ಝಾನ್ ಮೊರೋ ಅವರದೇ. ತನ್ನ ಪಾತ್ರವನ್ನು ‘ಅವಳು’ ಎನ್ನುತ್ತ ಅವರೇ ನಿರೂಪಿಸುತ್ತಾರೆ.

ಇದು ಎಷ್ಟು ದೊಡ್ಡ ಮಾತು ಎಂಬುದು ಆಗಿನ ಕಾನೂನು ನೋಡಿದರೆ ತಿಳಿಯುತ್ತದೆ. 1958ರ ಫ್ರಾನ್ಸಿನಲ್ಲಿ ವ್ಯಭಿಚಾರ ಮಾಡಿದ ಹೆಂಡತಿಗೆ 3 ತಿಂಗಳಿಂದ 2 ವರ್ಷದವರೆಗೆ ಜೈಲು ಶಿಕ್ಷೆ ಇತ್ತು. ಗಂಡನಾದರೆ, ಅದೂ ಇದ್ದ ಮನೆಯಲ್ಲೇ ಇನ್ನೊಬ್ಬಳನ್ನು ಇಟ್ಟುಕೊಂಡರೆ ಮಾತ್ರ, ದಂಡ ಕಟ್ಟಿ ಬಿಡುಗಡೆ. ಆ ಕಲಮು ಹೋದದ್ದು 1975ರಲ್ಲಿ. ಅಂದರೆ ಆ ಬೆಳಗ್ಗೆ ಝಾನ್ ಕಾರು ಹತ್ತುವಾಗ ಮಾನದ ಜತೆಗೆ ಜೈಲಿನ ಮಾತೂ ಇದೆ. ನಮ್ಮ ಹಳೆಯ ದಂಡಸಂಹಿತೆಯ (ಐಪಿಸಿ) 497ನೇ ಕಲಮು ಇನ್ನೊಂದು ಬಗೆಯದಾಗಿತ್ತು. ಅದು ಹೆಂಗಸನ್ನು ಶಿಕ್ಷಿಸುತ್ತಿರಲಿಲ್ಲ. ಗಂಡನ ಒಪ್ಪಿಗೆ ಇಲ್ಲದೆ ಅವಳನ್ನು ಕೂಡಿದ ಗಂಡಸನ್ನು ಹಿಡಿಯುತ್ತಿತ್ತು, ಅವಳು ಗಂಡನ ಸೊತ್ತು ಎನ್ನುವ ಹಾಗೆ. ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿದ್ದು 2018ರಲ್ಲಿ. ಸಿನಿಮಾ ಮುಗಿದ ಮೇಲೆ ಚರ್ಚೆಗೆ ಕೂರುವವರು ಈ ಎರಡೂ ಸಂಗತಿ ಕೈಯಲ್ಲಿ ಇಟ್ಟುಕೊಂಡಿದ್ದರೆ ಮಾತು ಎಲ್ಲೋ ಹರಿದು ಹೋಗುವುದಿಲ್ಲ.

ಇನ್ನು ಆ ದೃಶ್ಯ. ಬರ್ನಾರ್‌ನ ತಲೆ ಚೌಕಟ್ಟಿನಿಂದ ಕೆಳಗೆ ಸರಿದು ಮರೆಯಾಗುತ್ತದೆ. ಕ್ಯಾಮೆರಾ ಅವನ ಹಿಂದೆ ಹೋಗದೆ ಮೊರೋ ಅವರ ಮುಖದ ಮೇಲೆಯೇ ನಿಲ್ಲುತ್ತದೆ. ಏನು ನಡೆಯುತ್ತಿದೆ ಎಂಬುದು ದೊಡ್ಡವರಿಗೆಲ್ಲ ತಿಳಿಯುತ್ತದೆ, ಆದರೆ ತೋರಿಸಿದ್ದೇನೂ ಇಲ್ಲ. ಅದಕ್ಕೆ ಎರಡು ವರ್ಷ ಮುಂಚೆ, 1956ರಲ್ಲಿ, ನಿರ್ದೇಶಕ ರೋಜೇ ವಾದಿಮ್ ನಟಿ ಬ್ರಿಜಿತ್ ಬಾರ್ದೋ ಅವರನ್ನು ನಾಯಕಿ ಮಾಡಿ ಸಿನಿಮಾ ತೆಗೆದು ಹೆಸರು ಮಾಡಿದ್ದ. ಅಲ್ಲಿ ಹೆಣ್ಣಿನ ಮೈ ಇರುವುದು ನೋಡುವವನಿಗಾಗಿ. ನಮ್ಮ ಊರಿನ ರಂಗಮಂದಿರಕ್ಕೆ ಯಾರ ಹೆಸರಿದೆಯೋ ಆ ಎಸ್.ಎಂ. ಪಂಡಿತರ ಅಪ್ಸರೆಯರನ್ನೂ ನೆನಪಿಸಿಕೊಳ್ಳಿ. ಕಲಬುರಗಿಯಲ್ಲಿ ಹುಟ್ಟಿ, ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರ್ ಬರೆದ ಆ ದೊಡ್ಡ ಕಲಾವಿದರ ಕುಂಚದಲ್ಲೂ ಮೈಯ ಚೆಲುವು ನೋಡುವವರ ಕಡೆಗೆ ತಿರುಗಿಯೇ ಇರುತ್ತದೆ. ಮಾಲ್ ಮಾಡಿದ್ದು ಬೇರೆ. ಇಲ್ಲಿ ಸುಖ ಅವಳದು, ಅವಳಿಗಾಗಿಯೇ. ನೋಡುವವನಿಗೆ ಅದರಲ್ಲಿ ಪಾಲಿಲ್ಲ. ಬಟ್ಟೆ ಇಲ್ಲದ ಮೈ ಕಂಡು ರೂಢಿಯಾಗಿದ್ದ ಕಣ್ಣಿಗೂ ಇದು ಹೊಸದಾಗಿತ್ತು, ಈಗಲೂ ಹಳತಾಗಿಲ್ಲ.

ಅಮೆರಿಕದಲ್ಲಿ ಇದು ಕೋರ್ಟು ಹತ್ತಿತು. ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಹೈಟ್ಸ್‌ನ ಥಿಯೇಟರ್ ಮ್ಯಾನೇಜರ್ ನಿಕೊ ಜಾಕೊಬೆಲ್ಲಿಸ್ ಅವರಿಗೆ ಅಶ್ಲೀಲ ಸಿನಿಮಾ ಇಟ್ಟುಕೊಂಡ, ತೋರಿಸಿದ ಎರಡು ಆರೋಪಗಳ ಮೇಲೆ 500 ಮತ್ತು 2000 ಡಾಲರ್ ದಂಡ ಬಿತ್ತು. ಸುಮಾರು ನೂರು ಊರುಗಳಲ್ಲಿ ಓಡಿದ್ದ ಸಿನಿಮಾ, ಒಂದು ಊರಿನಲ್ಲಿ ಅಪರಾಧವಾಯಿತು. 1964ರ ಜೂನ್ 22ರಂದು ಅಮೆರಿಕದ ಸುಪ್ರೀಂ ಕೋರ್ಟು ಶಿಕ್ಷೆಯನ್ನು ರದ್ದು ಮಾಡಿತು. ಅಶ್ಲೀಲಕ್ಕೆ ವ್ಯಾಖ್ಯೆ ಕೊಡಲಾರೆ, ಆದರೆ ಕಂಡರೆ ಗುರುತಿಸಬಲ್ಲೆ, ಈ ಸಿನಿಮಾ ಅದಲ್ಲ ಎಂದು ನ್ಯಾಯಮೂರ್ತಿ ಪಾಟರ್ ಸ್ಟುವರ್ಟ್ ಬರೆದದ್ದು ಈ ಮೊಕದ್ದಮೆಯಲ್ಲೇ. ಆ ಮಾತು ಎಲ್ಲರ ಬಾಯಲ್ಲಿದೆ. ಅದು ಯಾವ ಸಿನಿಮಾದ ಮೇಲೆ ಬಂದದ್ದು ಎಂಬುದು ಮಾತ್ರ ಮರೆತುಹೋಗಿದೆ.

ಕೊರತೆಗಳನ್ನೂ ಹೇಳಬೇಕು. ಮೊದಲ ಅರ್ಧ ನಿಧಾನ. ಪ್ಯಾರಿಸ್ಸಿನ ಪಾರ್ಟಿ, ಪೋಲೋ ಮೈದಾನ ಇವುಗಳ ಬೇಸರವನ್ನು ತೋರಿಸಲು ಹೋಗಿ ನಮಗೂ ಬೇಸರ ತರಿಸುತ್ತದೆ. ಬರ್ನಾರ್ ಪಾತ್ರ ತೆಳು. ಝಾನ್ ಏನನ್ನು ಬಿಟ್ಟು ಹೋದಳು ಎಂಬುದು ಸ್ಪಷ್ಟ, ಯಾರ ಜತೆ ಹೋದಳು ಎಂಬುದು ಅಷ್ಟು ಸ್ಪಷ್ಟವಿಲ್ಲ. ಮನೆಯ ಆಳುಗಳು ಬಾಗಿಲು ತೆಗೆಯಲು, ತಟ್ಟೆ ಇಡಲು ಮಾತ್ರ ಇದ್ದಾರೆ. ಮಲಗಿರುವ ಮಗಳಿಗೆ ಮುತ್ತು ಕೊಟ್ಟು ಹೋಗುವ ಗಳಿಗೆಯನ್ನು ಸಿನಿಮಾ ಬೇಗ ದಾಟಿಬಿಡುತ್ತದೆ. ನೋಡಿದವರ ಜಗಳ ಹೆಚ್ಚಾಗಿ ಇಲ್ಲಿಂದಲೇ ಶುರುವಾಗುತ್ತದೆ, ಆ ಜಗಳ ನ್ಯಾಯವಾದದ್ದೇ.

ಈಗ ಡಿಸ್ಕ್. ಡಿವಿಡಿಗಳಿಗೆ ಜಗತ್ತಿನ ಒಂದೊಂದು ಭಾಗಕ್ಕೆ ಒಂದೊಂದು ಸಂಖ್ಯೆಯ ಬೀಗ ಇರುತ್ತದೆ, ಅದೇ ರೀಜನ್. ಇದು ಅಮೆರಿಕದ ಮಾಲು, ರೀಜನ್ 1. ನಮ್ಮ ಅಂಗಡಿಗಳಲ್ಲಿ ಸಿಕ್ಕ ಪ್ಲೇಯರುಗಳು ರೀಜನ್ 5. ಎಲ್ಲ ರೀಜನ್ ಓದುವ ಪ್ಲೇಯರ್ ಇಲ್ಲದಿದ್ದರೆ ಡಿಸ್ಕ್ ತಿರುಗುವುದೇ ಇಲ್ಲ, ‘ರೀಜನ್ ತಪ್ಪು’ ಎಂಬ ಸೂಚನೆ ಬಂದು ನಿಲ್ಲುತ್ತದೆ. ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ರೀಜನ್ ಬದಲಿಸಬಹುದು, ಆದರೆ ಐದು ಸಲ ಮಾತ್ರ. ಐದನೆಯದು ಮುಗಿದರೆ ಡ್ರೈವ್ ಅಲ್ಲಿಗೇ ಗಟ್ಟಿಯಾಗಿ ಕೂರುತ್ತದೆ. ಆದ್ದರಿಂದ ಹಳೆಯ ಡ್ರೈವ್ ಒಂದನ್ನು ಇದಕ್ಕೇ ಮೀಸಲಿಡುವುದು ಜಾಣತನ.

ಚಿತ್ರದ ಅಗಲ ಎತ್ತರದ 2.35 ಪಟ್ಟು. 32 ಇಂಚಿನ ಟಿವಿಯಲ್ಲಿ ಚಿತ್ರದ ಎತ್ತರ 30 ಸೆಂಟಿಮೀಟರಿಗೆ ಇಳಿಯುತ್ತದೆ, ಮೇಲೆ ಕೆಳಗೆ ಕಪ್ಪು ಪಟ್ಟಿ ಉಳಿಯುತ್ತದೆ. ಪಟ್ಟಿ ಹೋಗಲೆಂದು ರಿಮೋಟಿನ ಜೂಮ್ ಒತ್ತಬೇಡಿ. ದೆಕೇ ಊಟದ ಮೇಜಿನ ಎರಡು ತುದಿಗೆ ಇಬ್ಬರನ್ನು ಕೂರಿಸಿ ನಡುವೆ ಜಾಗ ಬಿಡುವುದರಲ್ಲೇ ಆ ಮನೆಯ ಕಥೆ ಹೇಳುತ್ತಾರೆ. ಜೂಮ್ ಒತ್ತಿದರೆ ಎರಡೂ ತುದಿ ಕತ್ತರಿಸಿ ಹೋಗುತ್ತವೆ. ಪ್ರೊಜೆಕ್ಟರ್ ಇದ್ದರೆ 8 ಅಡಿ ಅಗಲದ ತೆರೆ ಮೂವತ್ತು ಮಂದಿಗೆ ಸಾಕು, ಚಿತ್ರ 3.4 ಅಡಿ ಎತ್ತರ ಬರುತ್ತದೆ.

ಕೆಡುವುದು ಹೆಚ್ಚಾಗಿ ರಾತ್ರಿಯ ಭಾಗ. ಬಿಳಿ ಉಡುಪು, ಬೂದು ಹುಲ್ಲು, ಕಪ್ಪು ನೀರು, ಇವುಗಳ ನಡುವಿನ ಹದ ಕೂದಲೆಳೆಯಷ್ಟು. ಟಿವಿ ‘ವಿವಿಡ್’ ಮೋಡಿನಲ್ಲಿದ್ದರೆ ಬಿಳಿ ಉರಿದು ಕಪ್ಪು ಮುದ್ದೆಯಾಗುತ್ತದೆ. ‘ಸಿನಿಮಾ’ ಮೋಡಿಗೆ ಹಾಕಿ, ಶಾರ್ಪ್‌ನೆಸ್ ಇಳಿಸಿ, ಚಲನೆಯನ್ನು ನುಣುಪು ಮಾಡುವ ಸೌಲಭ್ಯ ಬಂದ್ ಮಾಡಿ. ಪ್ರೊಜೆಕ್ಟರಿಗೆ ಕೋಣೆ ಪೂರ್ತಿ ಕತ್ತಲಿರಬೇಕು. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಸಂಜೆ ಏಳೂವರೆಗಿಂತ ಮುಂಚೆ ಶುರು ಮಾಡಿದರೆ ಕಿಟಕಿಯ ಸಂದಿನ ಬೆಳಕೇ ತೋಟದ ದೃಶ್ಯವನ್ನು ತೊಳೆದುಹಾಕುತ್ತದೆ.

ಧ್ವನಿ ಮೋನೋ. ಆಂಪ್ಲಿಫೈಯರಿನ ಸರೌಂಡ್ ತೆಗೆದುಬಿಡಿ. ಶೀರ್ಷಿಕೆಯ ಹಿಂದೆ ಬರುವುದು, ರಾತ್ರಿಯ ದೃಶ್ಯಗಳನ್ನು ಹಿಡಿದು ನಡೆಸುವುದು ಎರಡೂ ಜರ್ಮನ್ ಸಂಗೀತ ರಚನೆಕಾರ ಬ್ರಾಮ್ಸ್‌ನ ಮೊದಲ ತಂತಿವಾದ್ಯ ಷಟ್ಕದ (ಆರು ವಾದ್ಯಗಳ ಕೃತಿ) ಎರಡನೇ ಭಾಗ. ಎಲ್ಲರೂ ಮಾಡುವುದು ಆ ಶೀರ್ಷಿಕೆ ಸಂಗೀತ ಕೇಳಿ ವಾಲ್ಯೂಮ್ ಇಡುವುದು. ಆಮೇಲೆ ಮೊರೋ ಅವರ ನಿರೂಪಣೆ ಕೇಳಿಸುವುದಿಲ್ಲ, ಕೂಲರ್ ಬೇರೆ ಭೋರ್ಗರೆಯುತ್ತಿರುತ್ತದೆ. ಮೊದಲೇ ನಿರೂಪಣೆಯ ಒಂದು ತುಣುಕು ಹಾಕಿ, ಹಿಂದಿನ ಸಾಲಿಗೆ ಕೇಳುವಷ್ಟು ಇಡಿ. ಕೋಣೆಯನ್ನು ಮುಂಚೆಯೇ ತಂಪು ಮಾಡಿಕೊಂಡು, ತೋಟದ ದೃಶ್ಯ ಬರುವಾಗ ಕೂಲರ್ ಸಣ್ಣ ಮಾಡಿ. ಕರೆಂಟು ಹೋಗುವ ಊರಿನಲ್ಲಿ ಲ್ಯಾಂಪ್ ಇರುವ ಪ್ರೊಜೆಕ್ಟರನ್ನು ಯುಪಿಎಸ್ ಇಲ್ಲದೆ ಹಚ್ಚಬಾರದು. ಫ್ಯಾನ್ ತಟ್ಟನೆ ನಿಂತರೆ ಬಿಸಿ ಲ್ಯಾಂಪಿನ ಆಯುಷ್ಯ ಕಡಿಮೆಯಾಗುತ್ತದೆ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಸೇರುತ್ತದೆ. ಇಷ್ಟು ಮೆಲ್ಲಗಿನ ಸಿನಿಮಾದಲ್ಲಿ ಅದು ಎದ್ದು ಕೇಳುತ್ತದೆ.

ಡಿಸ್ಕಿನಲ್ಲಿ ಕನ್ನಡ ಸಬ್‌ಟೈಟಲ್ ಇಲ್ಲ, ಇಂಗ್ಲಿಷ್ ಇದೆ. ನೀವೇ ಕನ್ನಡದಲ್ಲಿ ಬರೆದುಕೊಂಡು ಕಂಪ್ಯೂಟರಿನಲ್ಲಿ ಹಾಕುವುದಾದರೆ ಫೈಲನ್ನು ಯುಟಿಎಫ್-8 ಎನ್‌ಕೋಡಿಂಗ್‌ನಲ್ಲೇ (ಕಂಪ್ಯೂಟರ್ ಅಕ್ಷರ ಬರೆದಿಡುವ ಒಂದು ಬಗೆ) ಉಳಿಸಿ. ತೆರೆಯ ಮೇಲೆ ಚೌಕ ಡಬ್ಬಿಗಳು ಕಂಡರೆ ಫಾಂಟ್ ಇಲ್ಲವೆಂದು ಅರ್ಥ, ತಲೆಬುಡವಿಲ್ಲದ ಚಿಹ್ನೆಗಳು ಕಂಡರೆ ಎನ್‌ಕೋಡಿಂಗ್ ತಪ್ಪು. ಎರಡು ಸಾಲು ಇಟ್ಟಾಗ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ, ಆದಷ್ಟು ಒಂದೇ ಸಾಲಿಗೆ ಮುಗಿಸಿ. ಅಕ್ಷರ ಕೆಳಗಿನ ಕಪ್ಪು ಪಟ್ಟಿಯಲ್ಲೇ ಇರಲಿ. ಚಿತ್ರದ ಮೇಲೆ ಬಂದರೆ ಮೊರೋ ಅವರ ಬಿಳಿ ಉಡುಪಿನಲ್ಲಿ ಬಿಳಿ ಅಕ್ಷರ ಕರಗಿ ಹೋಗುತ್ತದೆ.

ಡಿಸ್ಕಿನ ಪರವಾನಗಿ ಮನೆಯಲ್ಲಿ ನೋಡುವುದಕ್ಕೆ ಮಾತ್ರ. ಟಿಕೆಟ್ ಇಟ್ಟು ಸಾರ್ವಜನಿಕವಾಗಿ ತೋರಿಸಬೇಕಾದರೆ ಹಕ್ಕುದಾರರ ಒಪ್ಪಿಗೆಯೂ ಸೆನ್ಸಾರ್ ಪ್ರಮಾಣಪತ್ರವೂ ಬೇಕು. ನೋಡುವವರು 18 ದಾಟಿದವರೇ ಇರಲಿ. ಹೆಣ್ಣುಮಕ್ಕಳೂ ಕೂತಿರುವ ಕಡೆ ಸಿನಿಮಾ ಯಾವುದರ ಮೇಲಿದೆ ಎಂದು ಕರೆಯುವಾಗಲೇ ಹೇಳಿಬಿಡಿ, ಗುಟ್ಟು ಮಾಡಿದರೆ ಮುಜುಗರ ಹೆಚ್ಚುತ್ತದೆ. ದೊಡ್ಡ ತಪ್ಪು ನಡೆಯುವುದು ರಿಮೋಟ್ ಹಿಡಿದವರ ಕೈಯಲ್ಲಿ. ಆ ದೃಶ್ಯ ಬಂದ ಕೂಡಲೇ ಗಾಬರಿಯಾಗಿ ಮುಂದೆ ಓಡಿಸಿಬಿಡುತ್ತಾರೆ. ಹಾಗೆ ಮಾಡಿದರೆ ಬೆಳಗ್ಗೆ ಝಾನ್ ಎಲ್ಲ ಬಿಟ್ಟು ಹೊರಡುವುದು ಶ್ರೀಮಂತ ಹೆಂಗಸಿನ ಹುಚ್ಚಾಟದ ಹಾಗೆ ಕಾಣುತ್ತದೆ. ಅವಳ ಮುಖದಲ್ಲಿ ಏನು ಬದಲಾಯಿತು ಎಂಬುದನ್ನು ನೋಡದವರಿಗೆ ಹೊರಡುವ ಕಾರಣ ಸಿಗುವುದೇ ಇಲ್ಲ. ಮುಂದೆ ಓಡಿಸುವ ಮನಸ್ಸಿದ್ದರೆ ಬೇರೆ ಸಿನಿಮಾ ಆರಿಸಿ.

ಡಿಸ್ಕಿನಲ್ಲಿ ಹೆಚ್ಚುವರಿಯಾಗಿ ಮಾಲ್, ಮೊರೋ, ವಿಲ್ಮೊರಾಂ ಮೊದಲಾದವರ ಹಳೆಯ ಸಂದರ್ಶನಗಳಿವೆ. ಅವನ್ನು ಸಿನಿಮಾ ಆದ ಮೇಲೆಯೇ ಹಾಕಿ, ಮುಂಚೆ ಹಾಕಿದರೆ ಕೊನೆ ಗೊತ್ತಾಗಿಬಿಡುತ್ತದೆ. ಹೊತ್ತು ಕಡಿಮೆ ಇದ್ದರೆ ವಿಲ್ಮೊರಾಂ ಅವರದನ್ನು ಬಿಡಬೇಡಿ. ಈ ಕಥೆಗೆ ಮಾತು ಕೊಟ್ಟವರು ಒಬ್ಬ ಹೆಣ್ಣುಮಗಳು ಎಂಬುದು ಚರ್ಚೆಯಲ್ಲಿ ಬಹಳ ಸಲ ಬಿಟ್ಟುಹೋಗುತ್ತದೆ.